ಮಳೆಗಾಲ ಕಳೆದ ಮೇಲೆ ಲೋಟಸ್ 49 ಸ್ಲಾಟ್ ಕಾರ್ ತಡವರಿಸ್ತಿದೆ

ಪ್ರಶ್ನೆ (ಚಿಕ್ಕಮಗಳೂರು):
ಸ್ಕೇಲೆಕ್ಸ್‌ಟ್ರಿಕ್ ಕಂಪನಿಯ 1/32 ಅಳತೆಯ ಲೋಟಸ್ 49, ಟ್ರ್ಯಾಕಿನ ಸೀಳಲ್ಲಿ (ಸ್ಲಾಟ್) ಕರೆಂಟಿಂದ ಓಡೋ ಆಟಿಕೆ ಕಾರು. ಹಸಿರು ಬಾಡಿ, ಹಳದಿ ಪಟ್ಟೆ, ಫಾರ್ಮುಲಾ 1 ಚಾಲಕ ಜಿಮ್ ಕ್ಲಾರ್ಕ್ 1967ರಲ್ಲಿ ಓಡಿಸಿದ ಕಾರಿನ ಮಾಡೆಲ್. ಮಳೆಗಾಲವಿಡೀ ಡಬ್ಬಿಯಲ್ಲೇ ಇತ್ತು. ಈಗ ನೇರ ಟ್ರ್ಯಾಕಲ್ಲೂ ನಿಂತು ನಿಂತು ಹೋಗುತ್ತೆ, ತಿರುವಲ್ಲಿ ಹಿಂಭಾಗ ಜಾರುತ್ತೆ. ಮೋಟರ್ ಬದಲಿಸಬೇಕಾ? ಒರಿಜಿನಲ್ ಭಾಗ ಹಾಳಾಗಬಾರದು.

ಉತ್ತರ 1 (ಹಾಸನ):
ಮೋಟರ್‌ಗೆ ಈಗಲೇ ಕೈ ಹಾಕ್ಬೇಡಿ ಸರ್. ಕಾರನ್ನು ಮಗುಚಿ ಹಿಡಿದು, 9 ವೋಲ್ಟ್ ಬ್ಯಾಟರಿಯ ಎರಡು ವೈರನ್ನು ಕಾರಿನಡಿಯ ಎರಡು ಬ್ರೇಡ್‌ಗೆ (ಹಳಿಯಿಂದ ಕರೆಂಟ್ ಪಡೆಯೋ ತಂತಿ ಹೆಣಿಗೆ) ಮುಟ್ಟಿಸಿ. ಚಕ್ರ ಒಂದೇ ಸಮ ತಿರುಗಿದರೆ ಮೋಟರ್ ಸರಿಯಿದೆ, ತೊಂದರೆ ಟ್ರ್ಯಾಕಲ್ಲಿ ಅಥವಾ ಬ್ರೇಡಲ್ಲಿ. ಹಳಿ ಉಕ್ಕಿನದು, ಮಲೆನಾಡಿನ ತೇವಕ್ಕೆ ತುಕ್ಕು ಹಿಡಿಯದೆ ಇರಲ್ಲ.

ಪವರ್ ಆಫ್ ಮಾಡಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರನ್ನು ಒಣದಾಗಿಯೇ ಹಳಿ ಮೇಲೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಸ್ಟೀಲ್ ನಾರು ಮಾತ್ರ ಬೇಡವೇ ಬೇಡ. ಅದರ ಪುಡಿ ಕಾರಿನಡಿಯ ಮ್ಯಾಗ್ನೆಟ್ಟಿಗೆ ಅಂಟಿ, ಅಲ್ಲಿಂದ ಮೋಟರ್ ಒಳಗೆ ಹೋಗಿ ಶಾರ್ಟ್ ಮಾಡುತ್ತೆ.

ಬ್ರೇಡ್ ತುದಿಯನ್ನು ಸೂಜಿಯಿಂದ ಸ್ವಲ್ಪವೇ ಬಿಡಿಸಿ. ಜಾಸ್ತಿ ಕೆಳಗೆ ಬಾಗಿಸಿದರೆ ಗೈಡ್ (ಸ್ಲಾಟಲ್ಲಿ ಕೂರುವ ಮುಂಭಾಗದ ತುಂಡು) ಮೇಲೆದ್ದು ಸ್ಲಾಟ್ ಬಿಡುತ್ತೆ. ಎರಡರ ಎಳೆಗಳು ಒಂದಕ್ಕೊಂದು ತಾಗಿದರೆ ಶಾರ್ಟ್. ಕಪ್ಪಾಗಿ ಗಡುಸಾಗಿದ್ದರೆ ಬದಲಿಸಿ, ಬ್ರೇಡ್ ಸವೆಯೋ ಸಾಮಾನೇ.

ಉತ್ತರ 2 (ಸಕಲೇಶಪುರ):
ಜಾರೋದು ಟೈರಿಂದ. ಮೊದಲು ಪ್ಯಾಕಿಂಗ್ ಟೇಪಿನ ಅಂಟು ಬದಿ ಮೇಲೆ ಹಿಂದಿನ ಚಕ್ರ ಉರುಳಿಸಿ ಧೂಳು ತೆಗೆಯಿರಿ. ರಬ್ಬರ್ ಹೊಳೀತಾ ಗಟ್ಟಿಯಾಗಿದ್ದರೆ ಒರಿಜಿನಲ್ ಟೈರನ್ನು ಉಜ್ಜೋಕೆ ಹೋಗದೆ ಬಿಚ್ಚಿ, ಜಿಪ್ ಕವರಲ್ಲಿ ಹಾಕಿಡಿ. ಓಡಿಸೋಕೆ ಯುರೆಥೇನ್ ಟೈರ್ ಹಾಕಿ, ಬೇಕಾದರೆ ಅದನ್ನು 400 ನಂಬರ್ ಉಪ್ಪು ಕಾಗದದಲ್ಲಿ ನೀರು ಹಾಕಿ ಸಮ ಮಾಡಿ.

ಆಕ್ಸಲ್ (ಚಕ್ರದ ಅಚ್ಚು) ತಿರುಗುವ ಬುಷ್‌ಗೆ ಹೊಲಿಗೆ ಮೆಷಿನ್ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟೇ. ಕೊಬ್ಬರಿ ಎಣ್ಣೆ ಬೇಡ, ನಿಮ್ಮೂರ ಡಿಸೆಂಬರ್ ಚಳಿಗೆ ಹೆಪ್ಪುಗಟ್ಟಿ ಆಕ್ಸಲ್ ಹಿಡಿಯುತ್ತೆ.

ಪ್ರಶ್ನೆ ಕೇಳಿದವರು:
ಬ್ಯಾಟರಿಗೆ ಚೆನ್ನಾಗಿ ತಿರುಗಿತು. ಹಳಿ ಕೆಂಪಗಿದೆ. ಹಿಂದೆ ರೆಕ್ಕೆ ಇಲ್ಲ, ಮುರಿದಿರಬಹುದಾ?

ಉತ್ತರ 3 (ಹಾಸನ):
ಇಲ್ಲ, ಅದು ಇರೋದೇ ಹಾಗೆ. 1967ರ ಜೂನ್ 4ರಂದು ನೆದರ್‌ಲೆಂಡ್ಸ್‌ನ ಝಾಂಡ್‌ವೋರ್ಟ್‌ನಲ್ಲಿ ಕ್ಲಾರ್ಕ್ ಗೆದ್ದಾಗ ಈ ಕಾರಿಗೆ ರೆಕ್ಕೆ ಇರಲಿಲ್ಲ. ಫಾರ್ಮುಲಾ 1ಕ್ಕೆ ರೆಕ್ಕೆ ಬಂದಿದ್ದು 1968ರಲ್ಲಿ. ಅಂಟಿಸಿದರೆ ಮಾಡೆಲ್ಲೇ ತಪ್ಪಾಗುತ್ತೆ.

ನೋಡಬೇಕಾದ್ದು ಸಸ್ಪೆನ್ಷನ್ ಕಡ್ಡಿ, ಎಕ್ಸಾಸ್ಟ್ ಪೈಪ್. ಮೊದಲು ಮುರಿಯೋದು ಅವೇ. ಹಿಡಿಯುವಾಗ ಮಧ್ಯದ ಬಾಡಿಯನ್ನೇ ಹಿಡಿಯಿರಿ.

ಡಬ್ಬಿಯಲ್ಲಿಡುವಾಗ ಚಾಸಿಯನ್ನು ಡಬ್ಬಿಯ ತಳಕ್ಕೆ ಸ್ಕ್ರೂ ಹಾಕಿ ಬಿಗಿದು, ಟೈರ್ ತಳಕ್ಕೆ ತಾಗದಂತೆ ಎತ್ತರಿಸಿ. ತಿಂಗಳುಗಟ್ಟಲೆ ಒತ್ತಿ ಕೂತರೆ ಟೈರ್ ಚಪ್ಪಟೆಯಾಗುತ್ತೆ, ಕೆಲವು ರಬ್ಬರ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಕಲೆ ಮಾಡುತ್ತೆ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಹರಳಿನ ಬಣ್ಣ ಬದಲಾದ ಕೂಡಲೇ ಬದಲಿಸಿ.