10ನೇ ನಂಬರ್ ಜೆರ್ಸಿ: ಎಲ್ಲರಿಗಿಂತ ದೊಡ್ಡವ ಯಾರು?

ಕಾರವಾರದ ಕಡಲು: ಮಾಲಾದೇವಿ ಮೈದಾನದ ಟೂರ್ನಿಗೆ ಜೆರ್ಸಿ ಪ್ರಿಂಟಿಗೆ ಕೊಡಬೇಕು. 10 ಯಾರಿಗೆ ಅನ್ನೋದಕ್ಕಿಂತ, ಅದು ನಿಜಕ್ಕೂ ಯಾರದ್ದು ಅನ್ನೋ ಜಗಳವೇ ಜೋರು. ಪೆಲೆಯದ್ದಾ, ಮರಡೋನಾನದ್ದಾ, ಸಚಿನ್‌ದಾ?

ಶಿರಸಿ ಪೇಟೆ: ಪೆಲೆ. 1958ರ ಫುಟ್‌ಬಾಲ್ ವಿಶ್ವಕಪ್‌ಗೆ ಬ್ರೆಜಿಲ್‌ನವರು ನಂಬರ್ ಪಟ್ಟಿಯನ್ನೇ ಕಳಿಸಿರಲಿಲ್ಲ. ಯಾರೋ ಹಂಚಿದ್ದರಲ್ಲಿ 17ರ ಹುಡುಗನಿಗೆ 10 ಬಂತು. ಆರು ಗೋಲು, ಫೈನಲ್‌ನಲ್ಲೇ ಎರಡು. ಅಲ್ಲಿಯವರೆಗೆ 10 ಅಂದ್ರೆ ಮೈದಾನದಲ್ಲಿ ನಿಲ್ಲುವ ಒಂದು ಜಾಗ, ಅಷ್ಟೆ.

ಕುಮಟಾ ಗಾಳಿ: ಹಂಗಲ್ಲ ಮಾರಾಯ್ರೆ, ಪೆಲೆ ಪಕ್ಕ ಗ್ಯಾರಿಂಚಾ, ದೀದಿಯಂಥ ದೊಡ್ಡ ಆಟಗಾರರು ಇದ್ರು. ಮರಡೋನಾ 1986ರ ವಿಶ್ವಕಪ್‌ನಲ್ಲಿ 5 ಗೋಲು ಹೊಡೆದ, 5 ಹೊಡೆಸಿದ. ಅರ್ಜೆಂಟೀನಾ ಹೊಡೆದದ್ದೇ ಒಟ್ಟು 14. ಅದುವರೆಗೆ ಒಮ್ಮೆಯೂ ಲೀಗ್ ಗೆಲ್ಲದ ಇಟಲಿಯ ನಾಪೋಲಿ ಕ್ಲಬ್‌ಗೆ ಎರಡು ಸಲ ಗೆಲ್ಲಿಸಿಕೊಟ್ಟ.

ಅಂಕೋಲಾ ಅಂಪೈರ್: ಸಚಿನ್‌ಗೆ ಏಕದಿನದ ಲೆಕ್ಕ ಮಾತ್ರ ಹಿಡೀರಿ, ಆ ಕಾಲದ ಟೆಸ್ಟ್ ಅಂಗಿಗೆ ನಂಬರೇ ಇರಲಿಲ್ಲ. ಆದ್ರೂ 2003ರ ವಿಶ್ವಕಪ್‌ನ 673 ರನ್ ಸಾಕಲ್ಲ! 2017ರಲ್ಲಿ ಶಾರ್ದೂಲ್ ಠಾಕೂರ್ 10 ಹಾಕಿದ್ದಕ್ಕೆ ಎದ್ದ ಗಲಾಟೆ ನೋಡಿದ್ದೀರಲ್ಲ.

ಅಂದಹಾಗೆ, 1ಕ್ಕೂ 0ಗೂ ನಡುವೆ ಎರಡು ಬೆರಳು ಜಾಗ ಬಿಡಿಸಿ, ಇಲ್ಲಾಂದ್ರೆ ದೂರದಿಂದ ಒಂದೇ ಮುದ್ದೆ ಕಾಣ್ತದೆ. ವಿನೈಲ್ (ಪ್ಲಾಸ್ಟಿಕ್ ಹಾಳೆ) ಅಂಟಿಸಿದ್ರೆ ಬಿಸಿ ಇಸ್ತ್ರಿಗೆ ಅಂಚು ಏಳ್ತದೆ. ಪಾಲಿಯೆಸ್ಟರ್ ಬಟ್ಟೆಗೆ ಸಬ್ಲಿಮೇಶನ್ನೇ (ಬಿಸಿಯಿಂದ ಬಣ್ಣವನ್ನ ಬಟ್ಟೆಯೊಳಗೇ ಇಳಿಸೋ ಪ್ರಿಂಟು) ಮಾಡಿಸಿ.