ಕೋರ್ಟಿನಲ್ಲಿ ಚೆನ್ನಾಗಿ ಮಾತಾಡಲು ನಟನೆಯ ತರಬೇತಿ ಸಹಾಯ ಮಾಡುತ್ತಾ?

ಕರಿಕೋಟು:
ಎಲ್ಲರಿಗೂ ನಮಸ್ಕಾರ. ವಕೀಲಿಕೆ ಶುರು ಮಾಡಿ ಮೂರು ವರ್ಷ ಆಯ್ತು. ಕೇಸ್ ಓದಿ ತಯಾರಾಗುವುದರಲ್ಲಿ, ಬರೆಯುವುದರಲ್ಲಿ ತೊಂದರೆ ಇಲ್ಲ. ಎದ್ದು ನಿಂತ ಕೂಡಲೇ ಗಂಟಲು ಒಣಗುತ್ತದೆ, ಮಾತು ಓಡಲು ಶುರುವಾಗುತ್ತದೆ, ಕೊನೆಯ ಪದಗಳು ಬಾಯೊಳಗೇ ಉಳಿದುಬಿಡುತ್ತವೆ. ನ್ಯಾಯಾಧೀಶರು "ಏನಂದಿರಿ?" ಅಂತ ಕೇಳುವುದು ದಿನಾ ಆಗಿದೆ.

ಹೋದ ತಿಂಗಳು ಇದಕ್ಕಿಂತ ದೊಡ್ಡದು ಆಯ್ತು. ಪಾಟೀಸವಾಲಿನಲ್ಲಿ ಸಾಕ್ಷಿ ನನಗೆ ಬೇಕಾಗಿದ್ದ ಉತ್ತರವನ್ನೇ ಕೊಟ್ಟಿದ್ದಾರೆ, ನನ್ನ ಕಿವಿಗೆ ಅದು ಬಿದ್ದೇ ಇಲ್ಲ. ಹಾಳೆಯಲ್ಲಿ ಬರೆದುಕೊಂಡಿದ್ದ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟೆ. ಆಮೇಲೆ ಟೈಪ್ ಆದ ಪ್ರತಿ ಓದುವಾಗ ಗೊತ್ತಾಯ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಸೀನಿಯರ್ "ನಾಟಕದವರ ಹತ್ತಿರ ಸ್ವಲ್ಪ ಕಲಿ" ಅಂದಿದ್ದಾರೆ. ಜೊತೆಯವರೊಬ್ಬರು "ಕೋರ್ಟಿನಲ್ಲಿ ನಾಟಕ ಆಡಿದರೆ ಇರೋ ಮರ್ಯಾದೆನೂ ಹೋಗುತ್ತೆ" ಅಂತಾರೆ. ನನಗೂ ಅದೇ ಭಯ. ನಿಜವಾಗಿ ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಪರದೆಹಿಂದೆ:
ನಾನು ವಕೀಲನಲ್ಲ, ರಂಗಭೂಮಿಯವನು. ವಕೀಲರಿಗೂ ಕೆಲವು ಸಲ ಕಲಿಸಿದ್ದೇನೆ. ನಟನೆ ಅಂದರೆ ಇಲ್ಲದ ಭಾವನೆಯನ್ನು ಮುಖದ ಮೇಲೆ ತಂದುಕೊಳ್ಳುವುದು ಅಂತ ನಿಮ್ಮ ಜೊತೆಯವರು ಅಂದುಕೊಂಡಿದ್ದಾರೆ. ಒಳ್ಳೆಯ ನಟರು ಮಾಡುವುದು ಅದಲ್ಲ. ಮಾಸ್ಕೋದಲ್ಲಿ 1898ರಲ್ಲಿ ಆರ್ಟ್ ಥಿಯೇಟರ್ ಕಟ್ಟಿದವರಲ್ಲಿ ಒಬ್ಬರಾದ ಸ್ತಾನಿಸ್ಲಾವ್‌ಸ್ಕಿ ತಮ್ಮ ನಟರಿಗೆ ಹೇಳುತ್ತಿದ್ದದ್ದು, ಭಾವನೆಯ ಹಿಂದೆ ಓಡಬೇಡಿ, ಈ ಪಾತ್ರಕ್ಕೆ ಎದುರಿನವರಿಂದ ಏನು ಬೇಕು ಅಂತ ಮೊದಲು ಕಂಡುಕೊಳ್ಳಿ ಅಂತ. ವಕೀಲರ ಕೆಲಸವೂ ಅದೇ ಅಲ್ವಾ?

ಒಂದು ಸಣ್ಣ ಪ್ರಯೋಗ ಮಾಡಿ. "ಆವತ್ತು ಸಂಜೆ ನೀವು ಎಲ್ಲಿ ನಿಂತಿದ್ದಿರಿ?" ಈ ಒಂದೇ ಪ್ರಶ್ನೆಯನ್ನು ಮರೆತವರಿಗೆ ನೆನಪು ಮಾಡಿಕೊಡುವ ಹಾಗೆ ಕೇಳಿ. ಆಮೇಲೆ ತಪ್ಪಿಸಿಕೊಳ್ಳುತ್ತಿರುವವರನ್ನು ತಡೆದು ನಿಲ್ಲಿಸುವ ಹಾಗೆ ಕೇಳಿ. ದನಿ ಏರಿಸಬೇಕು, ಕೈ ಆಡಿಸಬೇಕು ಅಂತ ನೀವೇನೂ ಯೋಚಿಸಿರುವುದಿಲ್ಲ, ಆದರೂ ಎಲ್ಲವೂ ಬದಲಾಗಿರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗಳ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದೊಂದು ಕ್ರಿಯಾಪದ ಬರೆದುಕೊಳ್ಳಿ. ನೆನಪಿಸು, ತಡೆ, ಒಪ್ಪಿಸು, ಧೈರ್ಯ ಕೊಡು. ನಟರು ಸ್ಕ್ರಿಪ್ಟ್ ಮೇಲೆ ಮಾಡುವ ಕೆಲಸ ಇದು.

ಇನ್ನು ವಾಕ್ಯದ ಕೊನೆ. ಇದನ್ನು ಸುಮ್ನೆ ಬಿಡಬೇಡಿ, ಅದರಲ್ಲೂ ನಾವು ಕನ್ನಡದವರು. ನಮ್ಮ ಭಾಷೆಯಲ್ಲಿ ತೀರ್ಮಾನ ಇರುವುದೇ ಬಾಲದಲ್ಲಿ. "ಅವರು ಹಣ ಕೊಟ್ಟಿದ್ದರು", "ಅವರು ಹಣ ಕೊಟ್ಟಿರಲಿಲ್ಲ". ಕೊನೆ ನುಂಗಿದರೆ ಕೇಳುವವರಿಗೆ ಉಳಿಯುವುದು "ಅವರು ಹಣ" ಅಷ್ಟೇ. ಹೌದೋ ಅಲ್ಲವೋ ಅನ್ನುವುದೇ ಹೋಯ್ತು! ಉಸಿರು ಮುಗಿಯುವುದೂ ಸರಿಯಾಗಿ ಅಲ್ಲೇ. ಅದಕ್ಕೆ ನಿಮ್ಮ ವಾದವನ್ನು ನಡೆಯುತ್ತಾ ಜೋರಾಗಿ ಓದಿ, ಪ್ರತಿ ಅಲ್ಪವಿರಾಮಕ್ಕೆ, ಪೂರ್ಣವಿರಾಮಕ್ಕೆ ದಿಕ್ಕು ಬದಲಿಸಿ. ತಿರುಗುವ ಮುಂಚೆಯೇ ಉಸಿರು ಖಾಲಿಯಾದರೆ ಆ ವಾಕ್ಯ ಉದ್ದ ಆಗಿದೆ, ಎರಡು ಮಾಡಿ.

ಗಂಟಲು ಒಣಗುವುದಕ್ಕೆ ಇನ್ನೊಂದು ಮಾತು. ಹೆದರಿದಾಗ ನಾವು ಉಸಿರು ಎಳೆದುಕೊಂಡು ಎದೆಯಲ್ಲೇ ಹಿಡಿದಿಟ್ಟಿರುತ್ತೇವೆ, ಭುಜ ಮೇಲಕ್ಕೆ ಹೋಗಿರುತ್ತದೆ. ಆಗ ಇನ್ನಷ್ಟು ಎಳೆದುಕೊಂಡರೆ ಪ್ರಯೋಜನ ಇಲ್ಲ. ನಿಮ್ಮ ಕೇಸ್ ಕೂಗುವ ಮುಂಚೆ ಕೂತಲ್ಲೇ ಸದ್ದಿಲ್ಲದೆ ಪೂರ್ತಿ ಹೊರಗೆ ಬಿಡಿ. ಒಳಗೆ ಬರುವುದು ತಾನಾಗೇ ಬರುತ್ತದೆ, ಹೊಟ್ಟೆಯವರೆಗೂ ಬರುತ್ತದೆ.

ಮೂರನೇಬೆಂಚು:
ವಕೀಲಿಕೆಯಲ್ಲಿ ಇಪ್ಪತ್ತು ವರ್ಷ ದಾಟಿದೆ. ಕಾಲೇಜಿನಲ್ಲಿ ನಾಟಕ ಮಾಡುತ್ತಿದ್ದೆ, ಅದು ಕೊಟ್ಟಷ್ಟು ಧೈರ್ಯ ನನಗೆ ಬೇರೆ ಯಾವುದೂ ಕೊಟ್ಟಿಲ್ಲ.

ಮರ್ಯಾದೆಯ ಭಯ ಬಿಡಿ. ನಟರಿಂದ ಕಲಿಯುವುದು ವಕೀಲಿಕೆಯಷ್ಟೇ ಹಳೆಯದು. ಹಳೆಯ ಗ್ರೀಸಿನ ದೊಡ್ಡ ಭಾಷಣಕಾರ ಡೆಮಾಸ್ತನೀಸ್ ಶುರುವಿನಲ್ಲಿ ಜನರೆದುರು ಸೋತು ಮನೆಗೆ ಹೋಗುವಾಗ ಸ್ಯಾಟಿರಸ್ ಅನ್ನುವ ನಟ ಸಿಕ್ಕಿ, ಒಂದೇ ಭಾಗವನ್ನು ಇಬ್ಬರೂ ಹೇಳಿ ನೋಡಿದಾಗ ವ್ಯತ್ಯಾಸ ಅರ್ಥ ಆಯ್ತಂತೆ, ಜೀವನಚರಿತ್ರೆಗಳನ್ನು ಬರೆದ ಪ್ಲೂಟಾರ್ಕ್ ಈ ಕಥೆ ಬರೆದಿದ್ದಾನೆ. ರೋಮಿನ ಹೆಸರಾಂತ ವಕೀಲ ಸಿಸೆರೊಗೆ ರೋಶಿಯಸ್ ಅನ್ನುವ ದೊಡ್ಡ ನಟನ ಒಡನಾಟ ಇತ್ತು, ಅವನ ಪರವಾಗಿ ಕೋರ್ಟಿನಲ್ಲಿ ವಾದವನ್ನೂ ಮಾಡಿದ್ದ. ಮೊದಲನೇ ಶತಮಾನದಲ್ಲಿ ರೋಮಿನಲ್ಲಿ ಭಾಷಣಕಲೆ ಕಲಿಸುತ್ತಿದ್ದ ಕ್ವಿಂಟಿಲಿಯನ್ ಮಾತ್ರ ಒಂದು ಗೆರೆ ಎಳೆದ. ಉಚ್ಚಾರವನ್ನು ನಟರಿಂದ ಕಲಿಯಲಿ, ಆದರೆ ನಟರ ಎಲ್ಲ ಹಾವಭಾವ ವಾದ ಮಾಡುವವರಿಗೆ ಬೇಡ ಅಂದ. ನಾನು ಅವನ ಪಕ್ಷ.

ನಿಮ್ಮ ನಿಜವಾದ ಸಮಸ್ಯೆ ದನಿ ಅಲ್ಲ, ಕೇಳಿಸಿಕೊಳ್ಳುವುದು. ಅಮೆರಿಕದ ಮೈಸ್ನರ್ ನಟರಿಗೆ ಕಲಿಸುತ್ತಿದ್ದ ಅಭ್ಯಾಸ ಒಂದಿದೆ. ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ಕಂಡದ್ದನ್ನು ಹೇಳಬೇಕು, "ನೀವು ಕೈ ಕಟ್ಟಿಕೊಂಡಿದ್ದೀರಿ" ಅಂತ. ಇನ್ನೊಬ್ಬರು "ನಾನು ಕೈ ಕಟ್ಟಿಕೊಂಡಿದ್ದೇನೆ" ಅನ್ನಬೇಕು. ಹೀಗೇ ಮುಂದುವರಿಸಿ. ಮೊದಲು ಬೇಜಾರಾಗುತ್ತದೆ. ಐದು ನಿಮಿಷ ಆದಮೇಲೆ ಎದುರಿನವರ ದನಿಯಲ್ಲಿ ಎಲ್ಲಿ ತಡವರಿಕೆ ಬಂತು, ಕಣ್ಣು ಯಾವಾಗ ಸರಿಯಿತು, ಎಲ್ಲ ಕಾಣಲು ಶುರುವಾಗುತ್ತದೆ. ಸಾಕ್ಷಿ ಮಾತಾಡುವಾಗ ಬೇಕಾಗಿರುವುದು ಈ ಗಮನವೇ. ಪ್ರಶ್ನೆ ಕೇಳಿ ಹಾಳೆ ನೋಡಬೇಡಿ, ಸಾಕ್ಷಿಯನ್ನು ನೋಡಿ. ಉತ್ತರ ಪೂರ್ತಿ ಮುಗಿದ ಮೇಲೆ ಹಾಳೆಗೆ ಬನ್ನಿ. ಆ ಎರಡು ಸೆಕೆಂಡಿನ ಮೌನಕ್ಕೆ ಯಾರೂ ನಿಮ್ಮನ್ನು ಬೈಯುವುದಿಲ್ಲ.

ನ್ಯಾಯಾಧೀಶರ ಪೆನ್ನನ್ನೂ ಗಮನಿಸಿ. ಪೆನ್ನು ಓಡುತ್ತಿದ್ದರೆ ನೀವು ನಿಲ್ಲಿ. ನಿಂತರೆ ಮುಂದಿನ ಮಾತು.

ಸಾಲುದೀಪ:
ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮೇಲಿನವರು ಹೇಳಿದ್ದು ತಪ್ಪಲ್ಲ, ಆದರೆ ಈ ತರಬೇತಿ ಮುಗಿಸಿ ಬಂದ ಕೆಲವರ ಮಾತಿನಲ್ಲಿ ನಿಲುಗಡೆ ಕೂಡ ಲೆಕ್ಕ ಹಾಕಿ ಇಟ್ಟ ಹಾಗೆ ಕಾಣುತ್ತದೆ. ಜ್ಯೂರಿ, ಅಂದರೆ ಕೇಸ್ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ಗುಂಪು, ಇರುವ ಕಡೆ ಮಾತು ಹೇಳುವ ರೀತಿಗೆ ಜಾಸ್ತಿ ಜಾಗ ಇರಬಹುದು. ಫೈಲ್ ಓದಿಕೊಂಡು ಬಂದ ನ್ಯಾಯಾಧೀಶರಿಗೆ ಬೇಕಾಗಿರುವುದು ಯಾವ ಪುಟ, ಯಾವ ದಾಖಲೆ, ಅಷ್ಟೇ. ಕಕ್ಷಿದಾರರ ಕಣ್ಣೀರನ್ನು ನಾವು ಹಾಕಬಾರದು.

ಇನ್ನೊಂದು, ಈ ಅಭ್ಯಾಸವೆಲ್ಲ ನಿಮಗೆ ಮಾತ್ರ. ಸಾಕ್ಷಿಗೆ ಕೋರ್ಟು ಹೇಗಿರುತ್ತದೆ, ಯಾರು ಎಲ್ಲಿ ಕೂರುತ್ತಾರೆ, ಅರ್ಥವಾಗದಿದ್ದರೆ ಮತ್ತೆ ಕೇಳಬಹುದು ಅಂತ ಹೇಳುವುದು ಬೇರೆ. ಏನು ಹೇಳಬೇಕು, ಎಲ್ಲಿ ಅಳಬೇಕು ಅಂತ ರಿಹರ್ಸಲ್ ಮಾಡಿಸುವುದು ಬೇರೆ. ಎರಡನೆಯದಕ್ಕೆ ಯಾವತ್ತೂ ಕೈ ಹಾಕಬೇಡಿ.

ಪರದೆಹಿಂದೆ:
ಸಾಲುದೀಪ ಅವರೇ, ಲೆಕ್ಕ ಹಾಕಿದ ನಿಲುಗಡೆ ನಾಟಕದಲ್ಲೂ ಕೆಟ್ಟದಾಗೇ ಕಾಣುತ್ತದೆ. ಯೋಚನೆ ನಡೆಯುತ್ತಿರುವಾಗ ಮಾತು ನಿಂತರೆ ಅದು ನಿಜವಾದದ್ದು. ಸಾಕ್ಷಿಯ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಕರಿಕೋಟು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆದಮೇಲೆ ಬರೆಯುತ್ತಿದ್ದೇನೆ. ಎದುರುಬದುರು ಕೂರುವ ಅಭ್ಯಾಸವನ್ನು ತಂಗಿಯ ಜೊತೆ ದಿನಾ ಹತ್ತು ನಿಮಿಷ ಮಾಡಿದೆ. ವಾದವನ್ನು ನಡೆಯುತ್ತಾ ಓದಿದಾಗ ನನ್ನ ಒಂದು ವಾಕ್ಯ ಹನ್ನೊಂದು ಸಾಲು ಇತ್ತು ಅಂತ ಗೊತ್ತಾಯ್ತು, ಅದನ್ನು ಐದು ವಾಕ್ಯ ಮಾಡಿದೆ.

ನಿನ್ನೆ ಒಂದು ಪಾಟೀಸವಾಲು ಇತ್ತು. ಪ್ರಶ್ನೆಯ ಪಕ್ಕ "ತಡೆ" ಅಂತ ಬರೆದಿದ್ದೆ. ಸಾಕ್ಷಿ ಉತ್ತರ ಕೊಟ್ಟು, ಸ್ವಲ್ಪ ತಡೆದು, "ಬಾಗಿಲು ಮುಚ್ಚಿತ್ತು ಅನ್ಸುತ್ತೆ" ಅಂತ ಸೇರಿಸಿದರು. ಆ "ಅನ್ಸುತ್ತೆ" ಈ ಸಲ ಕೇಳಿಸಿತು. ಬರೆದುಕೊಂಡಿದ್ದ ಪ್ರಶ್ನೆ ಬಿಟ್ಟು ಬಾಗಿಲ ಬಗ್ಗೆಯೇ ಇನ್ನೂ ಮೂರು ಪ್ರಶ್ನೆ ಕೇಳಿದೆ. ಕೇಸ್ ಇನ್ನೂ ಮುಗಿದಿಲ್ಲ. ಗಂಟಲು ಈಗಲೂ ಒಣಗುತ್ತದೆ, ಉಸಿರು ಹೊರಗೆ ಬಿಡುವುದು ಎದ್ದು ನಿಂತ ಮೇಲೆ ನೆನಪಾಗುತ್ತದೆ. ಮೂರನೇಬೆಂಚು ಸರ್, ನ್ಯಾಯಾಧೀಶರು ಬರೆಯದೆ ನೇರ ಟೈಪ್ ಮಾಡಿಸುತ್ತಿದ್ದರೆ ಪೆನ್ನಿನ ಬದಲು ಏನು ನೋಡಬೇಕು?

ಮೂರನೇಬೆಂಚು:
ಟೈಪ್ ಮಾಡುವವರ ಕೈ ನೋಡಿ.