ಕೈಯಾಗ 12 ಲಕ್ಷ: ಬಾಡಿಗಿ ಮನಿನೋ, ಖಾಲಿ ಜಾಗಾನೋ? ಅನುಭವ ಇದ್ದವ್ರು ಹೇಳ್ರಿ

ಪ್ರಶ್ನೆ: ಬೆಳಗಾವಿ ಶಹಾಪುರದಾಗ ಎರಡು ಪೋರ್ಷನ್‌ದ ಹಳೇ ಮನಿ, 38 ಲಕ್ಷ ಕೇಳಾಕತ್ತಾರ. ಇಲ್ಲಾಂದ್ರ ವಿಜಯಪುರದಾಗ 30x40 ಜಾಗಾ. ಸಾಲ ಎಷ್ಟು ಮಾಡ್ಲಿ, ಏನೇನು ನೋಡ್ಲಿ?

ಟಿಳಕವಾಡಿ ಮಾಲಕ: ನಂದು 30 ಲಕ್ಷದ್ದು, ಅದರ ಲೆಕ್ಕಾನ ಹೇಳ್ತೀನಿ. ಖರೀದಿ ಪತ್ರದಾಗ ಪೂರಾ ಬರೆಸಿದ್ರ ಸಾಲ 80 ಪರ್ಸೆಂಟ್, ಅಂದ್ರ 24 ಲಕ್ಷ. ಕೈಯಿಂದ 6 ಲಕ್ಷ, ಮ್ಯಾಲೆ ಪತ್ರದ ಖರ್ಚು 2.28 ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1 ಪರ್ಸೆಂಟ್ ಇದ್ದದ್ದು 2 ಆಗೇತಿ. ಮುದ್ರಾಂಕ, ಸೆಸ್ ಎಲ್ಲಾ ಸೇರಿ ಊರೊಳಗ 7.6 ಪರ್ಸೆಂಟ್. ಮಾರಾಂವ "ಪತ್ರದಾಗ 22 ಲಕ್ಷಕ್ಕ ಬರಸೋಣು, ಉಳದದ್ದು ರೊಕ್ಕಾ" ಅಂದ್ರ ಸಾಲ 17.6 ಲಕ್ಷಕ್ಕ ಇಳೀತೈತಿ, ಕೈಯಿಂದ ಪತ್ರದ ಖರ್ಚು ಸೇರಿ 14 ಲಕ್ಷ ದಾಟ್ತೈತಿ. ನಾಳೆ ಮಾರುವಾಗ ಮುಚ್ಚಿಟ್ಟ 8 ಲಕ್ಷನೂ ಲಾಭದಾಗ ಕೂಡ್ತೈತಿ, 12.5 ಪರ್ಸೆಂಟ್ ಅಂದ್ರ 1 ಲಕ್ಷ ತೆರಿಗಿ. 24 ಲಕ್ಷಕ್ಕ 8.5 ಬಡ್ಡಿ, 20 ವರ್ಷ ಹಿಡಿದ್ರ ಕಂತು 20,828, ಬಾಡಿಗಿ 14,000. ಬಡ್ಡಿ ಒಂದು ಪರ್ಸೆಂಟ್ ಏರಿದ್ರ ಕಂತು 22,371. ಆರು ತಿಂಗಳ ಕಂತು ಬ್ಯಾರೆ ತೆಗದಿಟ್ಟ ಸಂಚಕಾರ ಕೊಡ್ರಿ.

ಸೊಸೈಟಿ ಮೆಂಬರ್: ಬ್ಯಾಂಕ್ ಬ್ಯಾಂಕ್ ಅನ್ನಾವ್ರು ಪಂಚಾಯತಿ ಜಾಗಾಕ್ಕ ಒಮ್ಮೆ ಸಾಲ ಕೇಳಿ ನೋಡ್ರಿ. ನಮೂನೆ 11ಬಿ (ಮಂಜೂರಾತಿ ಇಲ್ಲದ ಜಾಗಾದ ಪಂಚಾಯತಿ ಉತಾರ) ಕಂಡ ಕೂಡ್ಲೆ ಫೈಲು ವಾಪಸ್. ಪತ್ತಿನ ಸೊಸೈಟಿಯಾಗ ಇಬ್ರ ಜಾಮೀನು ಇದ್ರ ವಾರದಾಗ ಕೆಲಸ ಮುಗೀತು. 10 ಲಕ್ಷ, 14 ಪರ್ಸೆಂಟ್, 5 ವರ್ಷ, ಕಂತು 23,268. ಬಡ್ಡಿ 3.96 ಲಕ್ಷ ಹೋತು, ಹೋಗ್ಲಿ. ಐದು ವರ್ಷಕ್ಕ ಸಾಲ ಹರೀತು, ನಿಮ್ಮಂಗ 20 ವರ್ಷ ಎಣಿಸ್ಕೋತ ಕೂಡಂಗಿಲ್ಲ.

ಟಿಳಕವಾಡಿ ಮಾಲಕ: ಅಣ್ಣಾರ, 11ಬಿಗೆ ಸಾಲ ಸಿಗಲಿಲ್ಲಂದ್ರ ಅದು ಬ್ಯಾಂಕಿನ ತಪ್ಪಲ್ಲ, ಜಾಗಾದ ತಪ್ಪು. ನಾಳೆ ನಿಮ್ಮ ಕಡೆ ಕೊಳ್ಳಾಕ ಬಂದಾವ್ಗೂ ಸಾಲ ಸಿಗಂಗಿಲ್ಲ. ಮತ್ತ ಏರಿಳಿಯೋ (ಫ್ಲೋಟಿಂಗ್) ಬಡ್ಡಿಯ ಮನಿ ಸಾಲ ಮೊದಲ ತುಂಬಿದ್ರ ದಂಡಿಲ್ಲ. 20 ವರ್ಷ ಕೂಡ್ರಂತ ಯಾರು ಅಂದ್ರು?

ಸೊಸೈಟಿ ಮೆಂಬರ್: ಎಲ್ಲಾರೂ ಟಿಳಕವಾಡಿಯಾಗ ಹುಟ್ಟಿರಂಗಿಲ್ರೀ.

ಗುಮ್ಮಟದ ನೆರಳು: ವಿಜಯಪುರಂದ್ರ ಮೊದಲ ಸ್ಮಾರಕದ ಅಂತರ ಅಳೀರಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ 100 ಮೀಟರ್ ಒಳಗ ಹೊಸ ಕಟ್ಟಡ ಇಲ್ಲ. ಆಮ್ಯಾಲಿನ 200 ಮೀಟರಿಗೆ ಪರವಾನಗಿ ಬೇಕು. ಬರೀ ಗೋಳಗುಮ್ಮಟ, ಇಬ್ರಾಹಿಂ ರೋಜಾ ಅಲ್ಲ, ಊರು ತುಂಬಾ ಅವ. ಏಜೆಂಟ ಇದನ್ನ ಹೇಳಂಗಿಲ್ಲ. ಎರಡನೇದು ಕಪ್ಪು ಎರಿ ಮಣ್ಣು: ಮಳಿಗೆ ಉಬ್ಬತದ, ಬ್ಯಾಸಿಗಿಗೆ ಬಿರೀತದ, ಬುನಾದಿ ಮ್ಯಾಲಿತ್ತಂದ್ರ ಗ್ವಾಡಿ ಸೀಳತದ. ಎರಿ ತೆಗೆದು ಗರಸು ತುಂಬಬೇಕು. 30x40ಕ್ಕ 3 ಫೂಟು ಅಂದ್ರ 36 ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಫೂಟು). ಜಾಗಾದ ರೇಟಿನ್ಯಾಗ ಇದು ಕಾಣಂಗಿಲ್ಲ.

ನವನಗರ: ಬಾಗಲಕೋಟಿ ಕಡೆ ಅಗ್ಗ ಅಂತ ಬಂದ್ರ ಸರ್ವೆ ನಂಬರ್ ಭೂಸ್ವಾಧೀನದ ಪಟ್ಟಿಯಾಗ ಐತೇನು ನೋಡ್ರಿ. ಆಲಮಟ್ಟಿ ಡ್ಯಾಮಿನ ನೀರಿನ ಮಟ್ಟ 519.60ರಿಂದ 524.256 ಮೀಟರಿಗೆ ಏರಸೋದು ಇನ್ನೂ ಬಾಕಿ ಐತಿ, ಮುಣಗೋ ನೆಲಾನ ಸರ್ಕಾರ ತಗೋತೈತಿ. ಪ್ರಾಥಮಿಕ ಅಧಿಸೂಚನೆ ಆದಮ್ಯಾಲೆ ಕೊಂಡಾವ್ಗ ನೆಲ ಉಳ್ಯಂಗಿಲ್ಲ, ಪರಿಹಾರಕ್ಕ ಓಡಾಟ. ಉತಾರದಾಗ ಬೋಜಾ ಇಲ್ಲಂತ ಸುಮ್ನ ಕೂಡಬ್ಯಾಡ್ರಿ, ಇಸಿ (ಋಣಭಾರ ಪತ್ರ) 30 ವರ್ಷದ್ದು ತಗೀರಿ.

ಸೊಸೈಟಿ ಮೆಂಬರ್: ಅವ್ರು ಕೇಳಿದ್ದು ಶಹಾಪುರ, ನೀವು ಆಲಮಟ್ಟಿ ನೀರಾಗ ಇಳಸಾಕತ್ತೀರಿ.

ನವನಗರ: ಮುಣಗಿದವ್ರಿಗೆ ಗೊತ್ತ ಸಾಹೇಬ್ರ. ಅದಿರ್ಲಿ, ಗುಮ್ಮಟದವ್ರ 36 ಬ್ರಾಸ್ ತಪ್ಪು. ನೀರು ಹೊಡೆದು ದಿಮ್ಮಸು ಹಾಕಿದ್ರ ಗರಸು ಕುಂದ್ರತೈತಿ, 45ಕ್ಕ ಆರ್ಡರ್ ಕೊಡ್ರಿ.

ಗುಮ್ಮಟದ ನೆರಳು: 36 ಅಂದದ್ದು ತೆಗ್ಗಿನ ಅಳತಿ. ಟಿಪ್ಪರ್‌ದಾಗಿನ ಸಡ್ಲ ಗರಸಿಂದು ಯಾರೂ ಅಂದಿಲ್ಲ.

ನವನಗರ: ರೊಕ್ಕಾ ಕೊಡೂದು ಟಿಪ್ಪರಿಗೆ, ತೆಗ್ಗಿಗಲ್ಲ.